ನಿಷ್ಕಳಂಕನ ತಪ್ಪೊಪ್ಪಿಗೆ

1945ರ ಮೇ 8ರಂದು ಜರ್ಮನ್ ಸೇನೆ ಶರಣಾಯಿತು. ನಾರ್ವೆಯ ಬೀದಿಗಳಲ್ಲಿ ಬಾವುಟ ಹಿಡಿದು ಕುಣಿದ ಜನರಿಗೆ ಸಂಭ್ರಮ ಇಳಿಯುವ ಹೊತ್ತಿಗೆ ಒಂದು ಕಹಿ ಲೆಕ್ಕ ಎದುರಾಯಿತು. ಐದು ವರ್ಷ ತಮ್ಮನ್ನು ಆಳಿದವರು ಬರೀ ಹೊರಗಿನವರಲ್ಲ. ಅವರಿಗೆ ಕದ ತೆಗೆದವರು, ಕಡತ ಬರೆದುಕೊಟ್ಟವರು, ಪಕ್ಕದ ಮನೆಯವರ ಹೆಸರನ್ನು ಪಿಸುಗುಟ್ಟಿದವರು ನಾರ್ವೆಯವರೇ. ದೇಶದ್ರೋಹದ ಪ್ರಕರಣಗಳು 90 ಸಾವಿರ ದಾಟಿದವು. ದೇಶದ ಜನಸಂಖ್ಯೆಯೋ ಆಗ ಮೂವತ್ತು ಲಕ್ಷದ ಆಸುಪಾಸು. ಅಕ್ಟೋಬರ್ 24ರಂದು, ಜರ್ಮನ್ನರ ಪರ ಸರ್ಕಾರ ನಡೆಸಿದ್ದ ವಿದ್ಕುನ್ ಕ್ವಿಸ್ಲಿಂಗ್‌ನನ್ನು ಓಸ್ಲೋದ ಅಕೆರ್ಸ್‌ಹುಸ್ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಅವನೂ ಸೇರಿ 25 ನಾರ್ವೆಯವರಿಗೆ ಮರಣದಂಡನೆಯಾಯಿತು.

ಯಾರು, ಯಾವಾಗ, ಏನು ಮಾಡಿದರು ಎಂಬುದನ್ನು ನ್ಯಾಯಾಲಯ ಹೇಳಬಲ್ಲದು. ಏಕೆ ಮಾಡಿದರು ಎಂದು ಕೇಳುವುದು ಅದರ ಕೆಲಸವಲ್ಲ. ಆ ಪ್ರಶ್ನೆಯನ್ನು ಮನೋವೈದ್ಯರ ಪಾಲಿಗೆ ಬಿಟ್ಟ ಒಂದು ಪ್ರಸಿದ್ಧ ಪ್ರಕರಣವಿದೆ. ನೊಬೆಲ್ ಪಡೆದ ಕಾದಂಬರಿಕಾರ ಕ್ನುಟ್ ಹಾಮ್ಸುನ್ ಹಿಟ್ಲರನ ಪರ ನಿಂತಿದ್ದರು. ತಮ್ಮ ನೊಬೆಲ್ ಪದಕವನ್ನು ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್‌ಗೆ ಕೊಟ್ಟುಬಿಟ್ಟಿದ್ದರು. ಎಂಬತ್ತೈದು ದಾಟಿದ ಆ ಮುದುಕನನ್ನು ಜೈಲಿಗೆ ಹಾಕಲು ಸರ್ಕಾರಕ್ಕೆ ಮನಸ್ಸಿರಲಿಲ್ಲ. ಪ್ರೊಫೆಸರ್ ಗಾಬ್ರಿಯೆಲ್ ಲಾಂಗ್‌ಫೆಲ್ಟ್ ಅವರ ಮಾನಸಿಕ ಚಿಕಿತ್ಸಾಲಯದಲ್ಲಿ ತಿಂಗಳುಗಟ್ಟಲೆ ಇರಿಸಿ ಪರೀಕ್ಷಿಸಿದರು. ‘ಶಾಶ್ವತವಾಗಿ ಕುಂದಿದ ಮಾನಸಿಕ ಶಕ್ತಿ’ ಎಂಬ ವರದಿ ಬಂತು. ಎಲ್ಲರಿಗೂ ಅನುಕೂಲವಾದ ಉತ್ತರ ಅದು. ಹಾಮ್ಸುನ್ ಮಾತ್ರ ಒಪ್ಪಲಿಲ್ಲ. 1949ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಆ ಬಂಧನದ ದಿನಗಳ ಬಗ್ಗೆ ಎಷ್ಟು ಸ್ಫುಟವಾದ ಪುಸ್ತಕ ಬರೆದರೆಂದರೆ ವರದಿ ಬರೆದವರ ಮುಖ ಸಣ್ಣದಾಯಿತು.

ಈ ನಡುವೆ, 1947ರಲ್ಲಿ, ಅದೇ ಪ್ರಶ್ನೆಗೆ ಬೇರೆ ಬಗೆಯ ಉತ್ತರವೊಂದು ಕಾದಂಬರಿಯಾಗಿ ಬಂತು. ಹೆಸರು ‘ಮೋತೆ ವೆದ್ ಮಿಲೆಪೆಲೆನ್’, ಅಂದರೆ ಮೈಲಿಗಲ್ಲಿನ ಬಳಿ ಭೇಟಿ. ಬರೆದವರು ಸಿಗುರ್ಡ್ ಹೂಲ್. ಮನಶ್ಶಾಸ್ತ್ರವನ್ನು ಅವರಷ್ಟು ಗಂಭೀರವಾಗಿ, ಕೆಲವೊಮ್ಮೆ ಅತಿಯಾಗಿ, ಹಚ್ಚಿಕೊಂಡ ಕಾದಂಬರಿಕಾರ ಆ ಕಾಲದ ನಾರ್ವೆಯಲ್ಲಿ ಇನ್ನೊಬ್ಬರಿರಲಿಲ್ಲ. ಅವರು ಮನಶ್ಶಾಸ್ತ್ರದ ಪದವೀಧರರಲ್ಲ. ಆದರೆ ವಿಲ್ಹೆಲ್ಮ್ ರೈಖ್‌ನಂಥ ಪ್ರಚಂಡ ಮನೋವಿಶ್ಲೇಷಕನ ಬಳಿ ವಿಶ್ಲೇಷಣೆಗೆ ಒಳಗಾದವರು, ಅವನ ಜರ್ಮನ್ ಪತ್ರಿಕೆಯನ್ನು ಕೆಲಕಾಲ ಸಂಪಾದಿಸಿದವರು. ಅವರ ಮೊದಲ ಹೆಂಡತಿಯನ್ನಂತೂ ನಾರ್ವೆಯ ಮಕ್ಕಳ ಮನೋವೈದ್ಯಕೀಯದ ತಾಯಿ ಎಂದೇ ಇವತ್ತಿಗೂ ಕರೆಯುತ್ತಾರೆ. ಅವರನ್ನು ಬಿಟ್ಟು ಹೂಲ್ ಕಥೆ ಹೇಳಲಾಗದು. ಹೇಳಿದವರಿದ್ದಾರೆ, ಆದರೆ ಅರ್ಧ ಕಥೆಯೇ ತಪ್ಪಿಹೋಗಿದೆ.

ಹೂಲ್ ಹುಟ್ಟಿದ್ದು 1890ರ ಡಿಸೆಂಬರಿನಲ್ಲಿ, ಪೂರ್ವ ನಾರ್ವೆಯ ನೂರ್-ಓಡಾಲ್ ಎಂಬಲ್ಲಿ. ಕಾಡು, ಕೆರೆ, ನಡುನಡುವೆ ಹೊಲಮನೆಗಳು. ಸ್ವೀಡನ್ನಿನ ಗಡಿ ಬಹಳ ದೂರವಲ್ಲ. ಅಪ್ಪ ಹಳ್ಳಿ ಶಾಲೆಯ ಮೇಷ್ಟ್ರು. ಲೂಥರನ ಧರ್ಮದ ಕಟ್ಟುನಿಟ್ಟು, ಪಾಪದ ಭಯ, ದೊಡ್ಡವರ ಎದುರು ಬಾಯಿ ಬಿಡದ ಶಿಸ್ತು ಇವೆಲ್ಲ ಆ ಕಾಲದ ಹಳ್ಳಿಯ ಮಕ್ಕಳಿಗೆ ಎದೆಹಾಲಿನ ಜೊತೆಗೇ ಸಿಗುತ್ತಿದ್ದವು. ಓದಿಗೆಂದು ರಾಜಧಾನಿಗೆ ಬಂದ ಹುಡುಗ ಮತ್ತೆ ಹಳ್ಳಿಗೆ ಹೋಗಿ ನೆಲೆಸಲಿಲ್ಲ. ಬರವಣಿಗೆಯಲ್ಲಿ ಮಾತ್ರ ಸಾಯುವವರೆಗೂ ಅಲ್ಲಿಗೇ ಮರಳುತ್ತಿದ್ದರು.

1921ರಲ್ಲಿ ಎರ್ಲಿಂಗ್ ಫಾಲ್ಕ್ ಎಂಬ ಎಡಪಂಥೀಯ ಸಂಘಟಕ ಓಸ್ಲೋದಲ್ಲಿ ‘ಮೋಟ್ ದಾಗ್’ ಪತ್ರಿಕೆ ಶುರುಮಾಡಿದಾಗ ಅದರ ಮೊದಲ ವರ್ಷಗಳ ಸಂಪಾದಕರಾಗಿದ್ದವರು ಹೂಲ್. ಪತ್ರಿಕೆಯ ಸುತ್ತ ಬೆಳೆದ ಗುಂಪಿನಲ್ಲಿ ಊರಿನ ಚುರುಕು ತಲೆಗಳೆಲ್ಲ ಇದ್ದವು. ಅದು ಬರಬರುತ್ತ ಒಂದು ಮಠದ ಹಾಗಾಯಿತು. ಯಾರು ಏನು ಓದಬೇಕು, ಯಾರ ಜೊತೆ ತಿರುಗಬೇಕು ಎನ್ನುವುದನ್ನೂ ಫಾಲ್ಕ್ ಹೇಳತೊಡಗಿದಾಗ ಹೂಲ್ ಹೊರಬಿದ್ದರು. ಎಡಪಂಥ ಬಿಡಲಿಲ್ಲ, ಆದರೆ ಗುರುಪೀಠಗಳ ಬಗ್ಗೆ ಗುಮಾನಿ ಕಲಿತರು. 1936ರಲ್ಲಿ ಸ್ಟಾಲಿನ್ ತನ್ನ ಹಳೆಯ ಸಂಗಾತಿಗಳನ್ನು ಮಾಸ್ಕೋದ ಕಟಕಟೆಗೆ ಏರಿಸಿದಾಗ, ಅದನ್ನು ಸಮರ್ಥಿಸಿಕೊಂಡ ಸ್ನೇಹಿತರ ಜೊತೆ ಹೂಲ್ ನಿಲ್ಲಲಿಲ್ಲ. ಇಷ್ಟಾಗಿಯೂ ರೈಖ್ ಎಂಬ ಇನ್ನೊಂದು ಪೀಠದ ಎದುರು ಅವರು ಹೋಗಿ ಕೂತರು ಎಂಬುದನ್ನು ನೆನೆದರೆ ನಗು ಬರುತ್ತದೆ.

ಅದಕ್ಕೂ ಮೊದಲೇ ಹೂಲ್ ಹೆಸರು ಮನೆಮಾತಾಗಿತ್ತು. 1927ರ ‘ಸಿಂಡೆರೆ ಇ ಸೊಮ್ಮರ್‌ಸೂಲ್’, ಬೇಸಿಗೆ ಬಿಸಿಲಿನ ಪಾಪಿಗಳು, ಓದಲು ಹಗುರವಾದ, ಒಳಗೆ ಮುಳ್ಳಿರುವ ಕಾದಂಬರಿ. ವಿದ್ಯಾವಂತ ಹುಡುಗ ಹುಡುಗಿಯರ ಒಂದು ಗುಂಪು ಬೇಸಿಗೆ ಕಳೆಯಲು ದ್ವೀಪಕ್ಕೆ ಹೋಗುತ್ತದೆ. ಎಲ್ಲರೂ ಫ್ರಾಯ್ಡ್‌ನ ಮಾತಾಡುವವರು. ಅಪ್ಪಂದಿರ ಕಾಲದ ಬೂಟಾಟಿಕೆ ತಮ್ಮಲ್ಲಿಲ್ಲ, ಹೊಟ್ಟೆಕಿಚ್ಚು ಹಳೆಯ ಕಾಯಿಲೆ, ಪ್ರೀತಿ ಎಂದರೆ ಒಡೆತನವಲ್ಲ ಎಂದು ನಂಬಿದವರು. ಕೆಲವೇ ವಾರಗಳಲ್ಲಿ ಒಬ್ಬರನ್ನೊಬ್ಬರು ಕದ್ದು ನೋಡುತ್ತ, ಸುಳ್ಳು ಹೇಳುತ್ತ, ರಾತ್ರಿಯೆಲ್ಲ ಕುದಿಯುತ್ತ, ಅಪ್ಪಂದಿರಿಗಿಂತ ಕಡೆಯಾಗುತ್ತಾರೆ. ಸ್ವಂತ ಪೀಳಿಗೆಯನ್ನು ಹೀಗೆ ಛೇಡಿಸಿದ್ದನ್ನು ಆ ಪೀಳಿಗೆಯೇ ಚಪ್ಪಾಳೆ ತಟ್ಟಿ ಕೊಂಡು ಓದಿತು. 1934ರಲ್ಲಿ ಸಿನಿಮಾ ಕೂಡ ಆಯಿತು.

ಅದೇ 1927ರಲ್ಲಿ ಹೂಲ್ ಮದುವೆಯಾದರು. ವರನಿಗೆ 36, ವಧುವಿಗೆ 22. ಕ್ಯಾರೊಲಿನ್ ಶ್ವೈಗಾರ್ಡ್ ನಿಕೊಲಾಯ್ಸೆನ್ ಆಗ ವೈದ್ಯಕೀಯ ವಿದ್ಯಾರ್ಥಿನಿ, ರಾಜಧಾನಿಯ ಅನುಕೂಲಸ್ಥರ ಮನೆಯ ಮಗಳು. ಮನೆತನದ ಹೆಸರನ್ನು ಮೊಟಕುಮಾಡಿ ಎಲ್ಲರೂ ‘ನಿಕ್’ ಎನ್ನುತ್ತಿದ್ದರು. ಆಮೇಲಿನ ಮದುವೆಯಿಂದ ಬಂದ ಹೆಸರು ಸೇರಿ ನಿಕ್ ವೋಲ್ ಎಂದೇ ಅವರು ಇತಿಹಾಸಕ್ಕೆ ಗೊತ್ತು.

ಹೊಟ್ಟೆಪಾಡಿಗೆ ಹೂಲ್ ಹಿಡಿದದ್ದು ಪ್ರಕಾಶನದ ಕೆಲಸ. ಗಿಲ್ಡೆಂಡಾಲ್ ಪ್ರಕಾಶನಕ್ಕೆ ಬರುತ್ತಿದ್ದ ಹಸ್ತಪ್ರತಿಗಳನ್ನು ಓದಿ ಇದಿರಲಿ, ಇದು ಬೇಡ ಎಂದು ಹೇಳುವ ಸಲಹೆಗಾರ. ದಶಕಗಳ ಕಾಲ ನಾರ್ವೆಯಲ್ಲಿ ಯಾವ ಹೊಸಬ ಅಚ್ಚಾಗಬೇಕು ಎಂಬುದರಲ್ಲಿ ಅವರ ಮಾತಿಗೆ ತೂಕವಿತ್ತು. 1929ರಲ್ಲಿ ಅವರ ಹೊಣೆಯಲ್ಲಿ ‘ಹಳದಿ ಮಾಲೆ’ ಶುರುವಾಯಿತು. ಹಳದಿ ರಕ್ಷಾಪುಟದ ಆ ಪುಸ್ತಕಗಳಲ್ಲಿ ಹೆಮಿಂಗ್ವೇ, ಫಾಕ್ನರ್, ಕಾಫ್ಕಾ, ಸ್ಟೈನ್‌ಬೆಕ್ ನಾರ್ವೆಯ ಮನೆಗಳಿಗೆ ಹೊಕ್ಕರು. ಫಾಕ್ನರ್ ಆಗ ತನ್ನ ನಾಡಿನಲ್ಲೇ ಸರಿಯಾಗಿ ಮಾರಾಟವಾಗುತ್ತಿರಲಿಲ್ಲ. ಹೂಲ್ ಬರೆದ ಮುನ್ನುಡಿಗಳು ಪ್ರತ್ಯೇಕ ಪುಸ್ತಕವಾಗುವಷ್ಟು ಚೆನ್ನಾಗಿದ್ದವು. ಐವತ್ತು ಮುನ್ನುಡಿಗಳ ಅಂಥ ಸಂಕಲನ 1939ರಲ್ಲಿ ಬಂದೂ ಬಂತು. ಮೂವತ್ತು ವರ್ಷ ನಡೆದ ಈ ಮಾಲೆ ನೂರರ ಗಡಿ ಮುಟ್ಟಿತು. ನನ್ನ ಮಟ್ಟಿಗೆ, ಹೂಲ್ ಒಂದು ಕಾದಂಬರಿಯನ್ನೂ ಬರೆಯದಿದ್ದರೂ ಈ ಒಂದು ಕೆಲಸಕ್ಕೆ ನೆನೆಯಬೇಕಾದವರು.

ಇನ್ನು ರೈಖ್. ವಿಯೆನ್ನಾದಲ್ಲಿ ಫ್ರಾಯ್ಡ್‌ನ ಅತ್ಯಂತ ಪ್ರತಿಭಾವಂತ ಶಿಷ್ಯರಲ್ಲೊಬ್ಬ ಎನಿಸಿಕೊಂಡವನು. ಆಮೇಲೆ ಬರ್ಲಿನ್ನಿನಲ್ಲಿ ಕಮ್ಯುನಿಸ್ಟನಾಗಿ ಕಾರ್ಮಿಕರಿಗೆ ಲೈಂಗಿಕ ಶಿಕ್ಷಣ ಕೊಡಲು ಹೊರಟವನು. 1933ರಲ್ಲಿ ಹಿಟ್ಲರ್ ಬಂದ. ಅದೇ ವರ್ಷ ರೈಖ್ ಫ್ಯಾಸಿಸಂನ ಸಮೂಹ ಮನಶ್ಶಾಸ್ತ್ರದ ಬಗ್ಗೆ ತನ್ನ ಪ್ರಸಿದ್ಧ ಪುಸ್ತಕ ಹೊರತಂದ. ಪಕ್ಷ ಅವನನ್ನು ಹೊರಹಾಕಿತು. ಮರುವರ್ಷ ಲುಸರ್ನ್ ಸಮ್ಮೇಳನದಲ್ಲಿ ಮನೋವಿಶ್ಲೇಷಕರ ಅಂತಾರಾಷ್ಟ್ರೀಯ ಸಂಘವೂ ಹೊರಹಾಕಿತು. ಡೆನ್ಮಾರ್ಕ್, ಸ್ವೀಡನ್ ಎರಡೂ ಅವನನ್ನು ಇರಗೊಡಲಿಲ್ಲ. ಓಸ್ಲೋ ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕ ಹರಾಲ್ಡ್ ಶೆಲ್ಡರುಪ್ ತಮ್ಮ ಸಂಸ್ಥೆಯಲ್ಲಿ ಜಾಗ ಕೊಟ್ಟರು. 1934ರ ಶರತ್ಕಾಲದಲ್ಲಿ ಬಂದ ರೈಖ್ ಸುಮಾರು ಐದು ವರ್ಷ ಅಲ್ಲಿದ್ದ.

ಅವನ ಸುತ್ತ ನೆರೆದ ಜನರನ್ನು ನೋಡಿ: ವೈದ್ಯರು, ಕವಿಗಳು, ನಾಟಕಕಾರರು. ಫ್ರೆಂಚ್ ನಿಘಂಟು ಮಾಡುತ್ತಿದ್ದ ಭಾಷಾವಿದ್ವಾಂಸ ಊಲಾ ರಾಕ್ನೆಸ್ ಕೂಡ ಚಿಕಿತ್ಸಕರಾಗಿ ಬದಲಾದರು. ಮುಂದೆ ಜರ್ಮನಿಯ ಚಾನ್ಸಲರ್ ಆದ ವಿಲಿ ಬ್ರಾಂಟ್ ಆಗ ಓಸ್ಲೋದಲ್ಲಿ ನಿರಾಶ್ರಿತ ಯುವಕ. ಅವನ ಸಂಗಾತಿ ಗೆರ್ಟ್ರೂಡ್ ರೈಖ್‌ನ ಕಾರ್ಯದರ್ಶಿಯಾಗಿದ್ದಳು.

ರೈಖ್‌ನ ಪದ್ಧತಿ ಬೇರೆಯವರದಕ್ಕಿಂತ ಎಷ್ಟು ಬೇರೆ ಎಂಬುದು ಅವನ ಕೋಣೆಯೊಳಗೆ ಹೋದರೆ ಗೊತ್ತಾಗುತ್ತಿತ್ತು. ಫ್ರಾಯ್ಡ್‌ನ ಅನುಯಾಯಿ ರೋಗಿಯ ತಲೆಯ ಹಿಂದೆ, ಕಣ್ಣಿಗೆ ಬೀಳದಂತೆ ಕೂತು ಮಾತು ಕೇಳುತ್ತಾನೆ. ರೈಖ್ ಎದುರಿಗೇ ಕೂತು ಮೈಯನ್ನು ನೋಡುತ್ತಿದ್ದ. ಈ ಮನುಷ್ಯ ತಂದೆಯ ಬಗ್ಗೆ ಹೇಳುವಾಗ ದವಡೆ ಬಿಗಿಯುತ್ತಿದೆ. ಉಸಿರು ಎದೆಯ ಮೇಲೇ ನಿಂತಿದೆ, ಹೊಟ್ಟೆಗೆ ಇಳಿಯುತ್ತಿಲ್ಲ. ನಗು ತುಟಿಯಲ್ಲಿದೆ, ಕಣ್ಣಲ್ಲಿಲ್ಲ. ಬಿಗಿದ ಕತ್ತಿನ ಮೇಲೆ ಕೈಯಿಟ್ಟು ಒತ್ತುತ್ತಿದ್ದ; ಕೆಲವರು ಹಸುಗೂಸಿನ ಹಾಗೆ ಅತ್ತುಬಿಡುತ್ತಿದ್ದರು. ಮಗುವಾಗಿದ್ದಾಗ ಪೆಟ್ಟು ತಾಳಿಕೊಳ್ಳಲು ಮೈ ತೊಟ್ಟ ಕವಚ ದೊಡ್ಡವನಾದ ಮೇಲೂ ಕಳಚುವುದಿಲ್ಲ, ಅದನ್ನೇ ನಾವು ಒಬ್ಬನ ‘ಸ್ವಭಾವ’ ಎಂದು ಕರೆಯುತ್ತೇವೆ ಎಂಬುದು ಅವನ ಸಿದ್ಧಾಂತ. ವಿಧೇಯತೆ ಕಲಿತ ಮೈ ಮುಂದೊಂದು ದಿನ ನಾಯಕನನ್ನು ಹುಡುಕಿಕೊಂಡು ಹೋಗುತ್ತದೆ ಎಂಬುದು ಅದರ ರಾಜಕೀಯ.

ಇದರಲ್ಲಿ ತಪ್ಪುಗಳೂ ಕಡಿಮೆಯಿರಲಿಲ್ಲ. ಗಂಡ, ಹೆಂಡತಿ, ಸ್ನೇಹಿತರು ಎಲ್ಲರೂ ಒಬ್ಬನೇ ವಿಶ್ಲೇಷಕನ ಕೈಗೆ ಮನಸ್ಸು ಕೊಟ್ಟು, ಸಂಜೆ ಅದೇ ಜನ ಒಂದೇ ಮೇಜಿನ ಸುತ್ತ ಕೂತರೆ ಆಗುವ ಅನಾಹುತಗಳೆಲ್ಲ ಆದವು. ಹೂಲ್ ಮತ್ತು ನಿಕ್ 1936ರಲ್ಲಿ ಬೇರೆಯಾದರು. ಅದಕ್ಕೆ ರೈಖ್ ಕಾರಣ ಎಂದರೆ ಸುಲಭದ ಮಾತಾದೀತು. ರೈಖ್ ಪ್ರಯೋಗಾಲಯದಲ್ಲಿ ಜೀವದ ಮೂಲ ಕಣಗಳನ್ನು ಕಂಡೆ ಎನ್ನತೊಡಗಿದಾಗ ನಾರ್ವೆಯ ವಿಜ್ಞಾನಿಗಳು ತಿರುಗಿಬಿದ್ದರು, ಪತ್ರಿಕೆಗಳು ತಿಂಗಳುಗಟ್ಟಲೆ ಹರಿಹಾಯ್ದವು. 1939ರ ಆಗಸ್ಟ್‌ನಲ್ಲಿ ಅವನು ಅಮೆರಿಕದ ಹಡಗು ಹತ್ತಿದ. ಅಲ್ಲಿ ಅವನ ಪುಸ್ತಕಗಳನ್ನು ಸರ್ಕಾರವೇ ಸುಡಿಸಿತು; 1957ರಲ್ಲಿ ಜೈಲಿನಲ್ಲಿ ಸತ್ತ.

ಈ ಬೆಂಕಿಯ ಆಸುಪಾಸಿನ ವರ್ಷಗಳಲ್ಲೇ ಹೂಲ್ ತಮ್ಮ ಅತ್ಯುತ್ತಮ ಪುಸ್ತಕಗಳಲ್ಲಿ ಎರಡನ್ನು ಬರೆದರು. 1933ರ ‘ವೆಯೆನ್ ಟಿಲ್ ವೆರ್ಡೆನ್ಸ್ ಎಂಡೆ’, ಲೋಕದ ಅಂಚಿಗೆ ಹೋಗುವ ದಾರಿ, ಆಂಡರ್ಸ್ ಎಂಬ ಹಳ್ಳಿ ಹುಡುಗನ ಬಾಲ್ಯ. ಮೊದಲು ಮನೆ, ಆಮೇಲೆ ಅಂಗಳ, ಆಮೇಲೆ ದಾರಿ ಎಂದು ಮಗುವಿನ ಲೋಕ ಹಿಗ್ಗುತ್ತ ಹೋಗುತ್ತದೆ. ಹಿಗ್ಗಿದಷ್ಟೂ ಹೆದರಿಕೆಯೂ ಸೇರುತ್ತದೆ: ದೇವರು ನೋಡುತ್ತಿದ್ದಾನೆ, ದೊಡ್ಡವರು ಏನನ್ನೋ ಮುಚ್ಚಿಡುತ್ತಿದ್ದಾರೆ, ತಾನು ಕೆಟ್ಟವನು. ಸಿದ್ಧಾಂತದ ಸುಳಿವೇ ಇಲ್ಲ, ಮಗುವಿನ ಕಣ್ಣಳತೆಯಲ್ಲೇ ಎಲ್ಲ ನಡೆಯುತ್ತದೆ. ಎರಡು ವರ್ಷದ ಮೇಲೆ ಬಂದ ‘ಹಿಮ ಬೀಳುವ ರಾತ್ರಿಗಳಿಗೆ ಹದಿನಾಲ್ಕು ದಿನ ಮೊದಲು’ ಎಂಬ ಕಾದಂಬರಿಯಲ್ಲಿ ನಲವತ್ತು ತುಂಬಿದ ಡಾಕ್ಟರೊಬ್ಬ ತನ್ನ ಯಶಸ್ವಿ ಬಾಳನ್ನು ತಿರುಗಿ ನೋಡಿ, ಪ್ರೀತಿಸಬೇಕಾದ ಕಡೆಯಲ್ಲೆಲ್ಲ ತಾನು ಜಾರಿಕೊಂಡದ್ದನ್ನು ಕಾಣುತ್ತಾನೆ. ಪ್ರೀತಿಗೆ ಬಗೆದ ದ್ರೋಹವೇ ಉಳಿದೆಲ್ಲ ದ್ರೋಹಗಳ ಬೇರು ಎಂಬ ಹೂಲ್‌ರ ಜೀವಮಾನದ ಹಟ ಇಲ್ಲಿಂದ ಶುರು.

1940ರ ಏಪ್ರಿಲ್ 9ರಂದು ಜರ್ಮನ್ನರು ಬಂದರು. ಹೂಲ್ ಓಡಾಲ್ ಕಡೆಗೆ ಸರಿದು, ಗುಪ್ತ ಪತ್ರಿಕೆಗಳಿಗೆ ಬರೆಯುತ್ತ, 1943ರಲ್ಲಿ ಎರಡನೆಯ ಹೆಂಡತಿಯ ಜೊತೆ ಗಡಿ ದಾಟಿ ಸ್ವೀಡನ್ ಸೇರಿಕೊಂಡರು. ಅವರ ಆಪ್ತ, ಕವಿ ಅರ್ನುಲ್ಫ್ ಓವರ್ಲಾಂಡ್, ಸಾಕ್ಸನ್‌ಹೌಸನ್ ಶಿಬಿರದಲ್ಲಿ ಕೊಳೆಯುತ್ತಿದ್ದರು.

ನಿಕ್ ವೋಲ್ ಓಸ್ಲೋದಲ್ಲೇ ಉಳಿದಿದ್ದರು. 1938ರಲ್ಲಿ ವಿಯೆನ್ನಾದಿಂದ ಕರೆತಂದ ಯೆಹೂದಿ ಮಕ್ಕಳಿಗಾಗಿ ಅಲ್ಲಿ ಒಂದು ಮಕ್ಕಳ ಮನೆಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ನಿನಾ ಹಾಸ್ವೋಲ್ಡ್. ಸ್ವತಃ ಯೆಹೂದಿ, ನಿಕ್ ಬರ್ಲಿನ್ನಿನಲ್ಲಿದ್ದ ದಿನಗಳಿಂದ ಅವರ ಗೆಳತಿ. 1942ರ ನವೆಂಬರ್ 26ರಂದು ನಾರ್ವೆಯ ಪೊಲೀಸರೇ ಮನೆಮನೆಗೆ ಹೋಗಿ ಯೆಹೂದಿ ಹೆಂಗಸರನ್ನೂ ಮಕ್ಕಳನ್ನೂ ಎಳೆದು ‘ಡೋನೌ’ ಎಂಬ ಹಡಗಿಗೆ ತುಂಬಿದರು. ಐನೂರಕ್ಕೂ ಹೆಚ್ಚು ಜನ ಅದರಲ್ಲಿ ಆಶ್‌ವಿಟ್ಜ್ ದಾರಿ ಹಿಡಿದರು. ಬದುಕಿ ಬಂದವರು ಬೆರಳೆಣಿಕೆಯಷ್ಟು. ಆ ದಿನಗಳಲ್ಲಿ ಮಕ್ಕಳ ಮನೆಯಲ್ಲಿ ಹದಿನಾಲ್ಕು ಮಕ್ಕಳಿದ್ದರು. ನಿಕ್ ವೈದ್ಯೆ, ಹಾಗಾಗಿ ಕಾರು ಓಡಿಸಲು ಅವರಿಗೆ ಅಡ್ಡಿಯಿರಲಿಲ್ಲ. ಮಕ್ಕಳೆಲ್ಲ ಆ ಕಾರಿನಲ್ಲಿ ಒಂದೇ ಸಲಕ್ಕೆ ಹಿಡಿಸದ ಕಾರಣ ಬೇರೆ ಬೇರೆ ಸಲ ಗೆರ್ಡಾ ತಾನ್‌ಬರ್ಗ್ ಎಂಬವರ ಮನೆಗೆ ಸಾಗಿಸಿ ಬಚ್ಚಿಟ್ಟರು. ಆಮೇಲೆ ಒಬ್ಬ ಟ್ಯಾಕ್ಸಿ ಚಾಲಕ, ಗಡಿಯ ಕಾಡು ಬಲ್ಲ ಇಬ್ಬರು ಹಳ್ಳಿಗರು ಸೇರಿ ಅವರನ್ನು ಸ್ವೀಡನ್ನಿಗೆ ದಾಟಿಸಿದರು. ಹದಿನಾಲ್ಕು ಮಕ್ಕಳೂ ಉಳಿದರು. ಜೆರುಸಲೇಮಿನ ಯೆಹೂದಿ ನರಮೇಧದ ಸ್ಮಾರಕ ಸಂಸ್ಥೆ ಯಾದ್ ವಾಶೆಮ್ ನಿಕ್‌ರನ್ನು ಮರಣೋತ್ತರವಾಗಿ ಗೌರವಿಸುವ ಹೊತ್ತಿಗೆ 2006 ಬಂದಿತ್ತು.

ಈಗ 1947ರ ಕಾದಂಬರಿಗೆ ಬರೋಣ. ಕಥೆ ಹೇಳುವವನಿಗೆ ಸಂಗಾತಿಗಳು ಇಟ್ಟ ಅಡ್ಡಹೆಸರು ‘ನಿಷ್ಕಳಂಕ’. ಆಕ್ರಮಣದ ಕಾಲದಲ್ಲಿ ಅವನ ಮನೆ ಪ್ರತಿರೋಧದವರ ಅಡಗುತಾಣ. ದಾಖಲೆಯಲ್ಲಿ ಒಂದು ಚುಕ್ಕೆಯಿಲ್ಲ. ತನ್ನ ಜೊತೆ ಓದಿದವರಲ್ಲಿ ಯಾರು ಯಾರು ನಾಜಿಗಳಾದರು ಎಂದು ಅವನು ಪಟ್ಟಿ ಮಾಡುತ್ತಾನೆ, ಒಬ್ಬೊಬ್ಬನದೂ ಕಾರಣ ಹುಡುಕುತ್ತಾನೆ: ಇವನಿಗೆ ಅವಮಾನ, ಅವನಿಗೆ ಅಪ್ಪನ ಪೆಟ್ಟು, ಇನ್ನೊಬ್ಬನಿಗೆ ಕೈತಪ್ಪಿದ ಹೆಣ್ಣು. ಇಲ್ಲಿಯವರೆಗೆ ಅವನು ಇನ್ನೊಬ್ಬ ಲಾಂಗ್‌ಫೆಲ್ಟ್. ಸಂಘಟನೆಯಲ್ಲಿ ಗುಟ್ಟು ಬಿಟ್ಟುಕೊಡುತ್ತಿರುವವರನ್ನು ಪತ್ತೆಮಾಡಲು ಸಣ್ಣ ಪಟ್ಟಣವೊಂದಕ್ಕೆ ಹೋಗಿ ಗೆಸ್ಟಪೋ ಕೈಗೆ ಬೀಳುತ್ತಾನೆ. ಅಲ್ಲಿ ಎದುರಾಗುವ ನಾಜಿ ಹುಡುಗನಲ್ಲಿ ತನ್ನ ಮುಖವನ್ನೇ ಕಾಣುತ್ತಾನೆ. ಬಡ ವಿದ್ಯಾರ್ಥಿಯಾಗಿದ್ದಾಗ ತಾನು ಉಳಿಸಿಕೊಳ್ಳದೆ ಹೋದ ಹುಡುಗಿ ಬಸುರಿಯಾಗಿದ್ದಳು, ಇನ್ನೊಬ್ಬನನ್ನು ಮದುವೆಯಾದಳು; ಆ ಇನ್ನೊಬ್ಬನೂ ನಾಜಿ, ಆ ಮನೆಯಲ್ಲಿ ಬೆಳೆದ ಮಗನೂ ನಾಜಿ.

ಕಥಾವಸ್ತುವನ್ನು ಹೀಗೆ ಹೇಳಿದರೆ ಧಾರಾವಾಹಿಯ ವಾಸನೆ ಹೊಡೆಯುತ್ತದೆ, ಒಪ್ಪುತ್ತೇನೆ. ಓದುವಾಗ ಹಾಗಲ್ಲ. ಏಕೆಂದರೆ ಹೂಲ್ ಆ ‘ನಿಷ್ಕಳಂಕ’ತನವನ್ನೇ ರೈಖ್ ಹೇಳಿದ ಕವಚದ ಹಾಗೆ ನೋಡುತ್ತಾರೆ. ಅವನ ಮಾತಿನ ಅಳತೆ, ವ್ಯಂಗ್ಯ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಸಭ್ಯತೆ ಇವೆಲ್ಲ ಏನನ್ನು ಮುಚ್ಚಲು ಬಂದವು ಎಂಬುದು ಪುಟಪುಟಕ್ಕೂ ಬಿಚ್ಚಿಕೊಳ್ಳುತ್ತದೆ. ಗೆದ್ದವರು ಸೋತವರನ್ನು ಕಟಕಟೆಗೆ ಏರಿಸುತ್ತಿದ್ದ ಕಾಲದಲ್ಲೇ, ಗೆದ್ದ ಪಕ್ಷದ ಲೇಖಕ ಹೀಗೆ ಬರೆದದ್ದಕ್ಕೆ ಎದೆಗಾರಿಕೆ ಬೇಕಿತ್ತು.

ದೌರ್ಬಲ್ಯವೂ ಅಲ್ಲೇ ಇದೆ. ಪ್ರತಿ ನಾಜಿಯ ಹಿಂದೆಯೂ ಒಂದು ಮುರಿದ ಪ್ರೀತಿ ಇಟ್ಟರೆ ಹಣ, ನೌಕರಿ, ಭಯ, ಬರೀ ಲಾಭಕೋರತನ ಇವಕ್ಕೆಲ್ಲ ಜಾಗ ಎಲ್ಲಿ? ಮುರಿದ ಪ್ರೀತಿಯ ಎಷ್ಟೋ ಜನ ಪ್ರತಿರೋಧದಲ್ಲೂ ಇದ್ದರಲ್ಲ? ಇನ್ನೊಂದು ತಕರಾರು ನನಗೆ ಇದಕ್ಕಿಂತ ದೊಡ್ಡದು. ಹೂಲ್ ಕಾದಂಬರಿಗಳಲ್ಲಿ ಹೆಂಗಸರು ಮೋಸಹೋಗುತ್ತಾರೆ, ಕಾಯುತ್ತಾರೆ, ಸಾಯುತ್ತಾರೆ. ಗಂಡಸಿನ ಪಶ್ಚಾತ್ತಾಪಕ್ಕೆ ಒದಗಿಬರುತ್ತಾರೆ. ಕಾರಿನ ಕೀಲಿ ತೆಗೆದುಕೊಂಡು ಹೊರಡುವ ಹೆಂಗಸು ಅಲ್ಲಿಲ್ಲ. ಅಂಥವಳ ಜೊತೆ ಒಂಬತ್ತು ವರ್ಷ ಸಂಸಾರ ಮಾಡಿಯೂ ಇಲ್ಲ.

ಪೆಟ್ಟು ತಿಂದ ಮಗು ಮುಂದೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಹೂಲ್, ನಿಕ್ ಇಬ್ಬರೂ ರೈಖ್‌ನ ಕೋಣೆಯಿಂದಲೇ ಹೊತ್ತು ತಂದಿದ್ದರು. ಹೂಲ್ ಅದನ್ನು ಹಿಂದಕ್ಕೆ, ಅಪರಾಧಿಯಿಂದ ಮಗುವಿನ ಕಡೆಗೆ ಒಯ್ದರು. ನಿಕ್ ಎದುರಿಗೆ ಕೂತ ಮಗುವಿನಿಂದಲೇ ಶುರುಮಾಡಿದರು. 1953ರಲ್ಲಿ ಓಸ್ಲೋದಲ್ಲಿ ಅವರು ಸ್ಥಾಪಿಸಿದ ಸಂಸ್ಥೆಯಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಜೊತೆಗೂಡಿ ಮಗುವನ್ನು ನೋಡುವ ರೂಢಿ ಬಂತು. ಮಗುವಿನ ಮಾತಿನಷ್ಟೇ ಅದರ ಉಸಿರು, ಸ್ನಾಯುಗಳ ಬಿಗಿತವನ್ನೂ ಗಮನಿಸುವುದನ್ನು ರೈಖ್‌ನಿಂದ ಉಳಿಸಿಕೊಂಡರು, ಅವನ ಉಳಿದ ಹುಚ್ಚುಗಳನ್ನು ಬಿಟ್ಟರು. ನಿಕ್ ವೋಲ್ ಹೆಸರಿನ ಆ ಸಂಸ್ಥೆ ಈಗಲೂ ನಡೆಯುತ್ತಿದೆ.

ಇಬ್ಬರೂ ಸತ್ತದ್ದು 1960ರಲ್ಲೇ. ನಿಕ್ ಮೇ ತಿಂಗಳಲ್ಲಿ, ಐವತ್ತೈದನೆಯ ವಯಸ್ಸಿನಲ್ಲಿ. ಹೂಲ್ ಅಕ್ಟೋಬರಿನಲ್ಲಿ, ಎಪ್ಪತ್ತು ತುಂಬಲು ಎರಡು ತಿಂಗಳಿದ್ದಾಗ.

ಕೊನೆಯ ಕಾದಂಬರಿ ‘ಟ್ರೊಲ್‌ರಿಂಗೆನ್’, ಮಾಟದ ವರ್ತುಲ, ಬಂದದ್ದು 1958ರಲ್ಲಿ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದ ಒಂದು ಹಳ್ಳಿ. ಬೇರೆ ಸೀಮೆಯಿಂದ ಬಂದ ಹೋವಾರ್ಡ್ ಅಲ್ಲಿನ ವಿಧವೆಯನ್ನು ಮದುವೆಯಾಗಿ, ಹೊಲಕ್ಕೆ ಹೊಸ ಬೇಸಾಯ ತರಲು ನೋಡುತ್ತಾನೆ. ಊರು ಅವನನ್ನು ಒಪ್ಪುವುದಿಲ್ಲ. ಯಾರೂ ಸಂಚು ಮಾಡುವುದಿಲ್ಲ. ಗುಸುಗುಸು, ಹಳೆಯ ಹಗೆ, ಅಸೂಯೆ, ದೆವ್ವದ ಭಯ ತಾವಾಗಿಯೇ ಸೇರಿ ಬಿಗಿಯುತ್ತವೆ. ಹೆಂಡತಿ ಸತ್ತಾಗ ಕೊಲೆಯ ಆರೋಪ ಅವನ ತಲೆಗೆ ಬಂದು ಮರಣದಂಡನೆಯವರೆಗೆ ಹೋಗುತ್ತದೆ. ವಿಶ್ಲೇಷಕನ ಸೋಫಾ ಇಲ್ಲ, ವಿವರಣೆಯಿಲ್ಲ, ಪಟ್ಟಿಯಿಲ್ಲ. ನಾಜಿಸಂ ಬಗ್ಗೆ ಹೂಲ್ ಬರೆದ ಅತ್ಯಂತ ಒಳ್ಳೆಯ ಪುಸ್ತಕ ಇದೇ ಎಂದರೆ, ಅದರಲ್ಲಿ ಒಬ್ಬ ನಾಜಿಯೂ ಇಲ್ಲವಲ್ಲ ಎಂದು ಯಾರಾದರೂ ನಕ್ಕಾರು.

ಇಂಗ್ಲಿಷಿನಲ್ಲಿ ಹೂಲ್ ಸ್ವಲ್ಪ ಸಿಗುತ್ತಾರೆ; ಓದುಗರು ಕಡಿಮೆ. ಕನ್ನಡಕ್ಕೆ ಯಾರಾದರೂ ತರಲು ಮನಸ್ಸು ಮಾಡಿದರೆ, ಹೆಸರು ಮಾಡಿದ ‘ಮೈಲಿಗಲ್ಲು’ ಮೊದಲು ಬೇಡ. ಅದಕ್ಕೆ ಅಡಿಟಿಪ್ಪಣಿಗಳೇ ಅರ್ಧ ಪುಸ್ತಕವಾದೀತು. ಆಂಡರ್ಸ್‌ನ ಬಾಲ್ಯದ ಕಾದಂಬರಿಯಿಂದ ಶುರುಮಾಡಲಿ. ಹಳ್ಳಿ ಮನೆ, ದೇವರ ಭಯ, ಹೊಲ, ಅಂಗಳ, ಊರಾಚೆಗಿನ ದಾರಿ ಯಾವುದನ್ನೂ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.